ಮಾಲ್ಮಿ ಎಂದರೆ ಮೇಷ್ಟ್ರು

ನಾನು ಮುಂಬೈಯಲ್ಲಿ ಉರ್ದು ಮಾಧ್ಯಮದ ಶಾಲೆಯಲ್ಲಿ ಪಾಠ ಮಾಡ್ತೇನೆ. ಪ್ರತಿ ಜೂನ್‌ನಲ್ಲಿ ಪ್ರವೇಶದ ಫಾರ್ಮ್ ತುಂಬಿಸೋ ಕೆಲಸ ನನ್ನದು. ‘ತಂದೆಯ ವೃತ್ತಿ: ಮೀನುಗಾರ. ವಿದ್ಯಾಭ್ಯಾಸ: ಇಲ್ಲ.’ ಈ ‘ಇಲ್ಲ’ವನ್ನು ನನ್ನ ಕೈಯಿಂದಲೇ ಎಷ್ಟೋ ಸಲ ಬರೆದಿದ್ದೇನೆ. ಲಕ್ಷದ್ವೀಪದ ರಹ್ಮಾನಿಗಳ ಬಗ್ಗೆ ಓದಿದ ಮೇಲೆ ಆ ಪದ ಬರೆಯೋಕೆ ಕೈ ತಡೆಯುತ್ತದೆ.

ರಹ್ಮಾನಿ ಅಂದರೆ ದ್ವೀಪದ ನಾವಿಕರ ಕೈಪಿಡಿ. ಯಾವ ನಕ್ಷತ್ರ ಎಲ್ಲಿ ಹುಟ್ಟುತ್ತದೆ, ಎಲ್ಲಿ ಮುಳುಗುತ್ತದೆ, ಯಾವ ಬಂದರಿನಲ್ಲಿ ಧ್ರುವ ನಕ್ಷತ್ರ ಎಷ್ಟು ಎತ್ತರಕ್ಕೆ ಕಾಣುತ್ತದೆ ಅನ್ನುವ ಲೆಕ್ಕ ಅದರಲ್ಲಿದೆ. ಎತ್ತರ ಅಳೆಯೋಕೆ ಕಮಾಲ್ ಇತ್ತು: ಒಂದು ಮರದ ಹಲಗೆ, ಅದಕ್ಕೆ ಗಂಟು ಹಾಕಿದ ದಾರ. ಕವರತ್ತಿಯಲ್ಲಿ ಧ್ರುವ ಸುಮಾರು 10.5 ಡಿಗ್ರಿ ಎತ್ತರ, ಮಂಗಳೂರಿನಲ್ಲಿ ಸುಮಾರು 13. ಈ ಸಣ್ಣ ವ್ಯತ್ಯಾಸ ಹಿಡಿದವನಿಗೆ ದಡ ಸಿಗುತ್ತಿತ್ತು. ಪಠ್ಯಪುಸ್ತಕದ ತಪ್ಪನ್ನು ಮುಂದಿನ ಮುದ್ರಣದಲ್ಲಿ ತಿದ್ದಬಹುದು. ಇಲ್ಲಿ ತಪ್ಪಿದವರು ಮನೆಗೇ ಬರುತ್ತಿರಲಿಲ್ಲ.

ಮಂಗಳೂರಿನ ಹೆಸರು ಸುಮ್ಮನೆ ತೆಗೆದದ್ದಲ್ಲ. ಅಮಿನಿದೀವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲಿದ್ದವು. ತೆಂಗಿನ ನಾರು ತಂದ ಓಡಗಳು ಅಕ್ಕಿ ತುಂಬಿಕೊಂಡು ಮರಳುತ್ತಿದ್ದವು. ಆದರೂ ಇವತ್ತು ನಮಗೆ ಲಕ್ಷದ್ವೀಪ ಅಂದರೆ ನೀಲಿ ನೀರು, ಬಿಳಿ ಮರಳು, ರಜೆಯ ಫೋಟೋ.

ಎರಡು ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 1980ರಲ್ಲಿ ಟಿಮ್ ಸೆವೆರಿನ್ ‘ಸೋಹಾರ್’ ಹಡಗಿನಲ್ಲಿ ಒಮಾನಿನಿಂದ ಚೀನಾಕ್ಕೆ ಹೊರಟರು. ಮೊಳೆಯಿಲ್ಲದೆ ನಾರಿನ ಹಗ್ಗದಿಂದ ಹೊಲಿದ ಆ ಹಡಗಿನ ಹಿಂದೆ ಮಿನಿಕಾಯ್‌ನ ಅಲಿ ಮಣಿಕ್‌ಫಾನ್ ಮತ್ತು ದ್ವೀಪದ ಕೆಲಸಗಾರರ ವಿದ್ಯೆಯಿತ್ತು. ಸೆವೆರಿನ್ ತಮ್ಮ ಪುಸ್ತಕದೊಳಗೆ ಈ ಕೆಲಸಗಾರರನ್ನು ಮರೆತಿಲ್ಲ, ನಿಜ. ಆದರೆ ಮುಖಪುಟಕ್ಕೆ ಬಂದದ್ದು ಕಥೆಯ ಸಿಂದ್‌ಬಾದನ ಹೆಸರು. ಇನ್ನೊಂದು ಪುಸ್ತಕ, ಲೋತಿಕಾ ವರದರಾಜನ್ ಸಂಪಾದಿಸಿ 2004ರಲ್ಲಿ ಹೊರತಂದ ರಹ್ಮಾನಿ. ಅದರ ಶೀರ್ಷಿಕೆಯಲ್ಲೇ ಕವರತ್ತಿಯ ಎಂ.ಪಿ. ಕುಂಞಿಕುಂಞಿ ಮಾಲ್ಮಿ ಇದ್ದಾರೆ. ನಾವಿಕನನ್ನು ಲೇಖಕ ಅಂತ ಒಪ್ಪಿಕೊಂಡ ಪುಸ್ತಕ ಅದು. ನನ್ನ ಮೆಚ್ಚುಗೆ ಎರಡನೆಯದಕ್ಕೇ.

ಈಗ ನಮ್ಮವರ ಮಾತಿಗೆ ಬರೋಣ. ನಾವು ಮುಸ್ಲಿಂ ಬರಹಗಾರರು ಇದನ್ನೆಲ್ಲ ‘ಅರಬರ ವಿಜ್ಞಾನ, ನಮ್ಮ ಸುವರ್ಣಯುಗ’ ಅಂತ ಹೊಗಳಿ ಮುಗಿಸಿಬಿಡುತ್ತೇವೆ. ಹೊಗಳಿಕೆಯಲ್ಲಿ ಎಷ್ಟೋ ಜನ ಬಿಟ್ಟುಹೋಗುತ್ತಾರೆ. ಕಲ್ಪೇನಿಯಂಥ ದ್ವೀಪಗಳಲ್ಲಿ ಓಡದ ಒಡೆತನ ಹೆಚ್ಚಾಗಿ ಕೋಯರದು, ನಡೆಸುವುದು ಮಾಲ್ಮಿಗಳ ಪಾಲು, ತೆಂಗಿನ ಮರ ಹತ್ತಿ ದುಡಿಯುವುದು ಮೇಲಾಚೇರಿಗಳ ಪಾಲು. ಕಲಿಮಾ ಒಂದೇ ಆದರೂ ಮೇಲು-ಕೀಳು ಅಲ್ಲೂ ಇತ್ತು. ಅಕ್ಕಿಗೆ ಬದಲಾಗಿ ಹೋಗುತ್ತಿದ್ದ ನಾರನ್ನು ಹೊಸೆದವರು ಹೆಂಗಸರು. ಅವರ ಕೈಗೆ ಯಾರೂ ರಹ್ಮಾನಿ ಬರೆಯಲಿಲ್ಲ.

ಬರಹಕ್ಕೇ ಬಾರದ ವಿದ್ಯೆಯೂ ಇದೆ. ಮಿನಿಕಾಯ್‌ನ ಟ್ಯೂನಾ ಬೇಟೆ ನೋಡಿ. ಹವಳದ ದಿಬ್ಬದೊಳಗಿನ ಶಾಂತ ನೀರಿನಲ್ಲಿ ಮೊದಲು ಸಣ್ಣ ಮೀನು ಹಿಡಿದು, ದೋಣಿಯೊಳಗೆ ಸಮುದ್ರದ ನೀರು ಹಾಯುವಂತೆ ಮಾಡಿ ಜೀವಂತ ಇಟ್ಟುಕೊಳ್ಳುತ್ತಾರೆ. ಟ್ಯೂನಾ ಹಿಂಡು ಕಂಡಾಗ ಅವನ್ನು ಎರಚಿ, ಎರೆಯಿಲ್ಲದ ಕೊಕ್ಕೆಯ ಗಳುವಿನಿಂದ ಒಂದೊಂದೇ ಮೀನನ್ನು ಎತ್ತುತ್ತಾರೆ. ಬಲೆ ಬೇಡ. ಹಿಡಿದದ್ದನ್ನು ಬೇಯಿಸಿ, ಹೊಗೆ ಹಾಕಿ, ಒಣಗಿಸಿದರೆ ‘ಮಾಸ್‌ಮಿನ್’. ಇದನ್ನು ಅಪ್ಪನ ಪಕ್ಕ ನಿಂತೇ ಕಲಿಯಬೇಕು.

‘ಮಾಲ್ಮಿ’ ಪದ ಬಂದದ್ದು ಅರಬಿಯ ‘ಮುಅಲ್ಲಿಮ್’ನಿಂದ. ಉರ್ದು ಬಲ್ಲವರಿಗೆ ಅರ್ಥ ಹೇಳಬೇಕಾಗಿಲ್ಲ: ಕಲಿಸುವವನು, ಮೇಷ್ಟ್ರು. ದೋಣಿ ನಡೆಸುವವನನ್ನು ಆ ಜನ ನನ್ನ ವೃತ್ತಿಯ ಹೆಸರಿನಿಂದಲೇ ಕರೆದರು. ನಾನು ಮಾತ್ರ ಅವನಂಥವನ ಮುಂದೆ ‘ಇಲ್ಲ’ ಅಂತ ಬರೆಯುತ್ತಾ ಬಂದೆ.

ಫಾರ್ಮ್ ಬದಲಾಯಿಸುವ ಅಧಿಕಾರ ನನಗಿಲ್ಲ. ಈ ಜೂನ್‌ನಲ್ಲಿ ಮಾತ್ರ ಆ ಅಪ್ಪಂದಿರನ್ನು ಒಂದು ಮಾತು ಕೇಳುತ್ತೇನೆ: ‘ಭಾಯ್, ಗಾಳಿ ತಿರುಗೋದು ನಿಮಗೆ ಹೇಗೆ ಗೊತ್ತಾಗುತ್ತೆ?’ ವಿದ್ಯಾರ್ಥಿಗಳೇ, ನೀವೂ ನಿಮ್ಮ ಮನೆಯಲ್ಲಿ ಇಂಥದ್ದೊಂದು ಕೇಳಿ, ಉತ್ತರವನ್ನು ಬರೆದಿಟ್ಟುಕೊಳ್ಳಿ.