ಆಂಟೆನಾ ಕೆಳಗಿಳಿಸಿ

ಉಪಗ್ರಹ ಆಲಿಸಲು ಹೊರಟವರ ಮೊದಲ ಆಸೆ ಎತ್ತರ. ನಮ್ಮ ಅಗ್ರಹಾರ ಬಡಾವಣೆಯ ತಾರಸಿಗಳಲ್ಲೂ ಅದೇ ಕತೆ. ಮೂರನೇ ಮಹಡಿ, ಅದರ ಮೇಲೆ ಮೆಟ್ಟಿಲಿನ ಕೋಣೆ, ಅದರ ನೆತ್ತಿಯಲ್ಲೊಂದು ಕಬ್ಬಿಣದ ಪೈಪು, ತುದಿಯಲ್ಲಿ ಡಿಶ್. ಆಮೇಲೆ ‘ಬರೀ ಗೊರಗೊರ ಸಾರ್’ ಎಂಬ ದೂರು. ಅಂಥವರಿಗೆ ನಾನು ಹೇಳುವುದಿಷ್ಟೆ: ಡಿಶ್ ಕೆಳಗಿಳಿಸಿ.

ಎತ್ತರ ಬೇಕಿದ್ದದ್ದು ಹಳೇ ಟಿ.ವಿ. ಆಂಟೆನಾಕ್ಕೆ. ಉಪಗ್ರಹ ಹಾಯುವುದು ತಲೆಯ ಮೇಲೆ. ದಿಗಂತದ ಮಟ್ಟದಲ್ಲಿ ಸಿಗುವುದು ಮೊಬೈಲ್ ಟವರು. ಒಂದು ಸ್ಥೂಲ ಲೆಕ್ಕ ಹಾಕೋಣ. ಸಾವಿರ ಕಿ.ಮೀ. ದೂರದ ಪುಟ್ಟ ಉಪಗ್ರಹ ಸೂಸುವುದು ಒಂದು ವ್ಯಾಟ್. 200 ಮೀಟರ್ ಆಚೆಯ ಟವರಿನ ಆಂಟೆನಾ ನಿಮ್ಮತ್ತ ಮುಖ ಮಾಡಿದ್ದರೆ, ಅದರ ಬಲ ಸಾವಿರ ವ್ಯಾಟ್‌ಗೆ ಸಮ ಎನ್ನಿ. ದೂರದ ವರ್ಗವನ್ನೂ ಗುಣಿಸಿದರೆ ಟವರಿನದು 2500 ಕೋಟಿ ಪಟ್ಟು ಜೋರು!

ಸಾಲದ್ದಕ್ಕೆ ಎರಡರ ತರಂಗ ಪಟ್ಟಿಗಳೂ ನೆರೆಹೊರೆ. ಎಸ್-ಬ್ಯಾಂಡ್‌ನಲ್ಲಿ ಉಪಗ್ರಹಗಳು ನೆಲಕ್ಕೆ ಸುದ್ದಿ ಕಳಿಸುವ ಪಟ್ಟಿ 2200ರಿಂದ 2290 ಮೆಗಾಹರ್ಟ್ಸ್. ಮುಂದಿನ ಹತ್ತು ಮೆಗಾಹರ್ಟ್ಸ್ ದೂರಗಾಮಿ ನೌಕೆಗಳ ಪಾಲು. 2300ರಿಂದಾಚೆ ನಮ್ಮ ದೇಶದಲ್ಲಿ 4ಜಿ. ಟವರು ತನ್ನ ಗಡಿಯೊಳಗೇ ಇದ್ದರೂ ನಿಮ್ಮ ಆಂಪ್ಲಿಫೈಯರ್ ಅದರ ಅಬ್ಬರಕ್ಕೆ ಕಿವುಡಾಗುತ್ತದೆ. ಇಲ್ಲದ ಸಂಕೇತಗಳನ್ನೂ ತಾನೇ ಹುಟ್ಟಿಸುತ್ತದೆ. ಪಕ್ಕದ ಚೌಟ್ರಿಯಲ್ಲಿ ವಾಲಗ ಊದುತ್ತಿರುವಾಗ ಪಿಸುಮಾತಿಗೆ ಕಿವಿಗೊಟ್ಟ ಹಾಗೆ.

ಹಾಗಾಗಿ ಫಿಲ್ಟರ್ ಆಂಪ್ಲಿಫೈಯರ್‌ಗಿಂತ ಮೊದಲು ಬರಬೇಕು. ಇದಕ್ಕೂ ಬೆಲೆಯುಂಟು: ಫಿಲ್ಟರ್ ಒಂದು ಡೆಸಿಬೆಲ್ ನುಂಗಿದರೆ ರಿಸೀವರಿನ ಗದ್ದಲ ಅಷ್ಟೇ ಏರುತ್ತದೆ. ಊರಾಚೆಯ ಹೊಲದಲ್ಲಿ ಅದು ದಂಡ, ಅಗ್ರಹಾರದಲ್ಲಿ ಲಾಭ. ಆದರೆ ನೀವು ಕೇಳುವ ಪಟ್ಟಿಯೊಳಗೇ ನುಸುಳಿದ ಗದ್ದಲಕ್ಕೆ ಯಾವ ಫಿಲ್ಟರೂ ಇಲ್ಲ. ಅಲ್ಲಿ ಉಳಿಯುವುದು ಮರೆಯೊಂದೇ.

ಇಸ್ರೋ ಮಾಡಿದ್ದೂ ಅದನ್ನೇ. ಚಂದ್ರಯಾನ-1ಕ್ಕಾಗಿ ದೈತ್ಯ ಡಿಶ್‌ಗಳನ್ನು ಬೆಂಗಳೂರಿನ ಯಾವ ಗುಡ್ಡದ ಮೇಲೂ ಕೂರಿಸಲಿಲ್ಲ. ನಗರದಿಂದ ಸುಮಾರು 40 ಕಿ.ಮೀ. ದೂರದ ಬ್ಯಾಲಾಳು ಬಳಿ, ಬಟ್ಟಲಿನಂಥ ತಗ್ಗು ಹುಡುಕಿ 18 ಮೀಟರ್ ಮತ್ತು 32 ಮೀಟರ್ ಅಗಲದವನ್ನು ನಿಲ್ಲಿಸಿದರು. ಸುತ್ತಲಿನ ದಿಣ್ಣೆಗಳು ನಗರದ ರೇಡಿಯೋ ಗದ್ದಲವನ್ನು ತಡೆಯುತ್ತವೆ. ಮೇಲೆ ಬಾನು ಬಯಲು. 2008ರ ಅಕ್ಟೋಬರಿನಲ್ಲಿ ಚಂದ್ರನ ದಾರಿಯಿಂದಲೂ, 2014ರಲ್ಲಿ ಮಂಗಳನ ಕಕ್ಷೆಯಿಂದಲೂ ಬಂದ ಕ್ಷೀಣ ದನಿಯನ್ನು ಹಿಡಿದದ್ದು ಆ ತಗ್ಗು.

ನಮ್ಮ ತಾರಸಿಯಲ್ಲೂ ಒಂದು ಬ್ಯಾಲಾಳು ಸಿಗುತ್ತದೆ. ಟವರ್ ಯಾವ ದಿಕ್ಕಿಗಿದೆ ನೋಡಿಕೊಂಡು ಮೆಟ್ಟಿಲಿನ ಕೋಣೆಯ ಹಿಂಬದಿಗೆ, ಪ್ಯಾರಪೆಟ್ ಗೋಡೆಗಿಂತ ತಗ್ಗಿನಲ್ಲಿ ಡಿಶ್ ಇಡಿ. ದಿಗಂತದ ಹತ್ತಿಪ್ಪತ್ತು ಡಿಗ್ರಿ ಬಾನು ಹೋಗುತ್ತದೆ, ಹೋಗಲಿ. ಉಪಗ್ರಹ ಅತಿ ದೂರವಿರುವುದೂ ಗದ್ದಲ ಅತಿ ಹೆಚ್ಚಿರುವುದೂ ಅಲ್ಲೇ. ಗೋಡೆ ಸಾಲದಿದ್ದರೆ ನೀರಿನ ಟ್ಯಾಂಕನ್ನು ಅಡ್ಡ ಮಾಡಿಕೊಳ್ಳಿ. ಮೈಕ್ರೋವೇವ್ ತಡೆಯುವುದು ನೀರು, ಪ್ಲಾಸ್ಟಿಕ್ ಅಲ್ಲ. ಆದ್ದರಿಂದ ಉಪಗ್ರಹ ಬರುವ ಹೊತ್ತಿಗೆ ಮೋಟಾರ್ ಹಾಕಿ ಟ್ಯಾಂಕ್ ತುಂಬಿಸಿರಿ.