ನೀರು ಮುಟ್ಟಿಯೂ ಮುಟ್ಟದ ಹಾಗೆ

ಸೀರೆ ಅಂಗಡಿಯಲ್ಲಿ ಅನುಭವಸ್ಥ ಹೆಂಗಸರು ಸೆರಗನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು, ಕಣ್ಣನ್ನು ಬೇರೆಲ್ಲೋ ನೆಟ್ಟು, ಬೆರಳಿನಿಂದಲೇ ಬಟ್ಟೆಯ ಗುಣ ಓದುವುದನ್ನು ನೀವು ನೋಡಿರಬಹುದು. ಕಳೆದ ಅಕ್ಟೋಬರಿನ ಒಂದು ಶನಿವಾರ ಅಮೆರಿಕದ ಅರ್ಕಾನ್ಸಾಸ್ ರಾಜ್ಯದ ಸ್ಟುಟ್‌ಗಾರ್ಟ್ ಎಂಬ ಸಣ್ಣ ಊರಿನ ಅಂಗಡಿಯಲ್ಲಿ ನಾನೂ ಹಾಗೇ ನಿಂತಿದ್ದೆ. ನನ್ನ ಬೆರಳುಗಳ ನಡುವೆ ಇದ್ದದ್ದು ವೇಡರ್ಸ್. ಪಾದದಿಂದ ಎದೆಯವರೆಗೆ ಒಂದೇ ತುಂಡಾಗಿ ಏರುವ, ಬೂಟನ್ನೂ ಜೊತೆಗೇ ಕೂಡಿಸಿಕೊಂಡ, ಹೆಗಲ ಪಟ್ಟಿಗಳಿಂದ ತೂಗುವ ನೀರುಡುಪು. ಪಕ್ಕದಲ್ಲಿ ನನ್ನ ಗೆಳೆಯ, ತೀರ್ಥಹಳ್ಳಿ ಕಡೆಯವನು, ಆ ವರ್ಷ ಮೊದಲ ಸಲ ಬಾತುಬೇಟೆಗೆ ಹೊರಟವನು. ಬೆಲೆಯ ಚೀಟಿ ತಿರುವಿ ನೋಡಿ, “ಎಂತ ಮಾರಾಯ, ಒಂದು ಪ್ಯಾಂಟಿಗೆ ಸಾವಿರ ಡಾಲರಾ?” ಅಂದ. ನಾನು ಉತ್ತರ ಕೊಡಲಿಲ್ಲ. ಅವನ ಕೈ ಹಿಡಿದು ಬಟ್ಟೆಯ ಮೇಲೆ ಇಟ್ಟೆ.

ಇಂಥ ಬಟ್ಟೆ ಆರಿಸಲು ಇದಕ್ಕಿಂತ ಒಳ್ಳೆಯ ಊರು ನನಗೆ ಗೊತ್ತಿಲ್ಲ. ಸ್ಟುಟ್‌ಗಾರ್ಟ್ ತನ್ನನ್ನು ಜಗತ್ತಿನ ಅಕ್ಕಿ ಮತ್ತು ಬಾತುಗಳ ರಾಜಧಾನಿ ಎಂದು ಕರೆದುಕೊಳ್ಳುತ್ತದೆ. ಬಾತಿನ ಕೂಗನ್ನು ಪೀಪಿಯಲ್ಲಿ ನುಡಿಸುವ ವಿಶ್ವ ಸ್ಪರ್ಧೆ ಇಲ್ಲಿ ಶುರುವಾದದ್ದು 1936ರಲ್ಲಿ. ಅಮೆರಿಕ ಬೆಳೆಯುವ ಅಕ್ಕಿಯಲ್ಲಿ ಹೆಚ್ಚುಕಡಿಮೆ ಅರ್ಧ ಅರ್ಕಾನ್ಸಾಸಿನದು. ಕೊಯ್ಲು ಮುಗಿದ ಗದ್ದೆಗಳಲ್ಲಿ ನೀರು ನಿಂತಾಗ ಉದುರಿದ ಕಾಳಿಗೆ ಬಾತುಗಳು ಇಳಿಯುತ್ತವೆ. ಗದ್ದೆಯ ಬೇಟೆಯೂ ಚೆಂದವೇ, ಆದರೆ ನನ್ನ ಜೀವ ಇರುವುದು ಕಾಡಿನಲ್ಲಿ. ಊರಿಗೆ ಹತ್ತಿರದ ಬಯೂ ಮೀಟೊ ಎಂಬ ಸಾರ್ವಜನಿಕ ಅರಣ್ಯ 33,000 ಎಕರೆಗೂ ದೊಡ್ಡದು. ಚಳಿಗಾಲದಲ್ಲಿ ಓಕ್ ಮರಗಳು ಎಲೆ ಉದುರಿಸಿ ನಿದ್ದೆಗೆ ಜಾರಿದಾಗ ಅದರ ತಗ್ಗುಗಳಲ್ಲಿ ನೀರು ತುಂಬಿಕೊಳ್ಳುತ್ತದೆ. ಮುಳುಗಿದ ಓಕಿನ ಕಾಯಿ ತಿನ್ನಲು ಉತ್ತರದಿಂದ ಮಲ್ಲಾರ್ಡ್ ಬಾತುಗಳು ಬರುತ್ತವೆ. ಗಂಡಿನ ತಲೆ ಪಚ್ಚೆಕಲ್ಲಿನ ಹಾಗೆ ಹೊಳೆಯುವ ಹಸಿರು. ಬೇಟೆಗಾರ ಇಲ್ಲಿ ಮರೆ ಕಟ್ಟಿಕೊಳ್ಳುವುದಿಲ್ಲ. ತೊಡೆಮಟ್ಟ ನೀರಿನಲ್ಲಿ ಓಕಿನ ಕಾಂಡಕ್ಕೆ ಬೆನ್ನು ಕೊಟ್ಟು ನಿಂತು, ಕಾಲಿನಿಂದ ನೀರು ಕದಡಿ ಅಲೆ ಎಬ್ಬಿಸುತ್ತಾನೆ. ಕೆಳಗೆ ತಮ್ಮವರು ಈಜುತ್ತಿದ್ದಾರೆಂದು ಮೇಲಿನ ಬಾತುಗಳು ನಂಬಿ, ಕೊಂಬೆಗಳ ನಡುವಿನ ಕಿಂಡಿಯಲ್ಲಿ ರೆಕ್ಕೆ ಬಾಗಿಸಿ ಇಳಿಯುತ್ತವೆ. ಇಡೀ ಬೆಳಗು ಕಳೆಯುವುದು ವೇಡರ್ಸಿನ ಒಳಗೇ.

ಆ ಬೆಳಗು ಶುರುವಾಗುವುದು ನಾಲ್ಕು ಗಂಟೆಗೆ, ಕಗ್ಗತ್ತಲಲ್ಲಿ. ಹಣೆಗೆ ದೀಪ, ಬೆನ್ನಿಗೆ ತೇಲುಗೊಂಬೆ ಬಾತುಗಳ ಮೂಟೆ, ಹೆಗಲಿಗೆ ಕೋವಿ. ಕೆಸರು ಪ್ರತಿ ಹೆಜ್ಜೆಯನ್ನೂ ತಡೆದು, ವಿಚಾರಿಸಿ, ಆಮೇಲೆ ಬಿಡುತ್ತದೆ. ಮುಕ್ಕಾಲು ಗಂಟೆ ಹೀಗೆ ನಡೆದರೆ ಹೊರಗೆ ನೀರು ಹೆಪ್ಪುಗಟ್ಟುವ ಚಳಿಯಿದ್ದರೂ ಬೆನ್ನಲ್ಲಿ ಬೆವರು ಇಳಿಯುತ್ತದೆ. ಬಳಿಕ ಮರಕ್ಕೊರಗಿ ಮೂರು ನಾಲ್ಕು ಗಂಟೆ ಹೆಚ್ಚು ಅಲುಗದೆ ನಿಲ್ಲಬೇಕು. ಆಗ ಮನುಷ್ಯನನ್ನು ನಡುಗಿಸುವುದು ಹೊರಗಿನ ನೀರಿಗಿಂತ ಹೆಚ್ಚಾಗಿ ಒಳಗೆ ಸಿಕ್ಕಿಬಿದ್ದು ತಣ್ಣಗಾದ ತನ್ನದೇ ಬೆವರು.

ನನ್ನ ಮೊದಲ ವೇಡರ್ಸ್ ನಿಯೊಪ್ರೀನಿನದು, 5 ಮಿಲಿಮೀಟರ್ ದಪ್ಪ. ಡುಪಾಂಟ್ ಕಂಪನಿಯ ರಸಾಯನಶಾಸ್ತ್ರಜ್ಞರು 1930ರಲ್ಲಿ ಕಂಡುಕೊಂಡ ಈ ಕೃತಕ ರಬ್ಬರನ್ನು ನಾನು ಹಳಿಯಲಾರೆ. ನೊರೆಯಂತೆ ಉಬ್ಬಿಸಿದ ಅದರ ಮೈತುಂಬ ಮುಚ್ಚಿದ ಗುಳ್ಳೆಗಳು, ಗುಳ್ಳೆಯೊಳಗೆ ಅನಿಲ. ದೋಣಿಯಲ್ಲಿ ಹೋಗಿ ಕೂತು ಮಾಡುವ ಬೇಟೆಗೆ ಅದು ಕಂಬಳಿಯಷ್ಟೇ ಹಿತ. ಆದರೆ ಬರುವ ನೀರನ್ನು ತಡೆದಷ್ಟೇ ನಿಷ್ಠೆಯಿಂದ ಹೋಗುವ ಬೆವರನ್ನೂ ತಡೆಯುತ್ತದೆ. ಎರಡನೆಯ ವರ್ಷ ತೊಡೆಗಳು ಉಜ್ಜುವ ಒಳಹೊಲಿಗೆಯಲ್ಲಿ ಅದು ಸೋರಲು ಶುರುವಾದಾಗ, ಒಳಗಿನ ಒದ್ದೆ ಸೋರಿಕೆಯದೋ ಬೆವರಿನದೋ ತಿಳಿಯಲು ನನಗೆ ಮೂರು ವಾರ ಬೇಕಾಯಿತು.

ಅಂಗಡಿಯಲ್ಲಿ ನಾವು ಮುಟ್ಟಿ ನೋಡುತ್ತಿದ್ದದ್ದು ಬೆವರಿನ ಆವಿಯನ್ನು ಹೊರಬಿಡುವ, ಉಸಿರಾಡುವ ಬಟ್ಟೆ. ಅದು ನಮ್ಮ ಅಡುಗೆಮನೆಯ ನಾನ್‌ಸ್ಟಿಕ್ ದೋಸೆ ಕಾವಲಿಗೆ ಹತ್ತಿರದ ನೆಂಟ. ಕಾವಲಿಗೆ ಬಳಿಯುವ ಟೆಫ್ಲಾನ್ ಜಾತಿಯ ಪ್ಲಾಸ್ಟಿಕ್ಕೇ ಇದರ ಮೂಲ. 1969ರಲ್ಲಿ ಬಾಬ್ ಗೋರ್ ಎಂಬ ಸಂಶೋಧಕರು ಆ ಪ್ಲಾಸ್ಟಿಕ್ಕಿನ ಕಾಯಿಸಿದ ಕಡ್ಡಿಗಳನ್ನು ಎಚ್ಚರಿಕೆಯಿಂದ ಎಳೆದು ಉದ್ದ ಮಾಡಲು ನೋಡುತ್ತಿದ್ದರು. ಮೆಲ್ಲಗೆ ಎಳೆದಷ್ಟೂ ತುಂಡಾಗುತ್ತಿತ್ತು. ಬೇಸತ್ತು ಒಂದನ್ನು ರಪ್ಪನೆ ಜಗ್ಗಿದರು. ಅದು ತುಂಡಾಗದೆ ಹಲವು ಪಟ್ಟು ಹಿಗ್ಗಿತು, ಹಿಗ್ಗಿದ ಕಡೆಯೆಲ್ಲ ಕಣ್ಣಿಗೆ ಕಾಣದ ನಾರಿನ ಬಲೆಯಾಯಿತು. ಗೋರ್‌ಟೆಕ್ಸ್ ಹುಟ್ಟಿದ್ದು ಆ ಜಗ್ಗಿನಿಂದ. ಅದರ ಪೊರೆಯ ಒಂದು ಚದರ ಅಂಗುಲದಲ್ಲಿ 900 ಕೋಟಿ ರಂಧ್ರಗಳಿವೆ ಎಂದು ತಯಾರಕರು ಹೇಳುತ್ತಾರೆ; ಒಂದೊಂದೂ ನೀರಿನ ಹನಿಗಿಂತ 20,000 ಪಟ್ಟು ಕಿರಿದು, ಆವಿಯ ಅಣುವಿಗಿಂತ 700 ಪಟ್ಟು ಹಿರಿದು. ಹನಿಗೆ ಬಾಗಿಲು ಮುಚ್ಚಿದೆ, ಆವಿಗೆ ತೆರೆದಿದೆ. ಈಚಿನ ವರ್ಷಗಳಲ್ಲಿ ಗೋರ್‌ಟೆಕ್ಸ್ ತಯಾರಿಸುವ ಕಂಪನಿಯೇ ಹಿಗ್ಗಿಸಿದ ಪಾಲಿಥೀನಿನ ಪೊರೆಯನ್ನೂ ತಂದಿದೆ.

ಈ ಪೊರೆಯ ಬಗ್ಗೆ ಓದಿದಾಗ ನನಗೆ ನೆನಪಾದದ್ದು ಗೊರಬು. ನಾನು ಚಿಕ್ಕವನಿದ್ದಾಗ ಮನೆ ಮುಂದಿನ ಗದ್ದೆಯಲ್ಲಿ ನಟ್ಟಿ ಮಾಡುತ್ತಿದ್ದ ಹೆಂಗಸರು ಒಣ ಎಲೆ ಹೊದಿಸಿದ ಆ ಬುಟ್ಟಿಯಂಥದನ್ನು ತಲೆಯಿಂದ ಸೊಂಟದವರೆಗೆ ಕವಿಚಿಕೊಂಡು ಬಗ್ಗುತ್ತಿದ್ದರು. ಆಷಾಢದ ಮಳೆ ಬೆನ್ನಿನ ಮೇಲಿಂದ ಜಾರಿ ಹೋಗುತ್ತಿತ್ತು. ಮುಂಭಾಗವೆಲ್ಲ ತೆರೆದಿದ್ದರಿಂದ ಮೈಯ ಬೇಗೆಗೆ ಹೊರದಾರಿ ಇತ್ತು. ಪ್ಲಾಸ್ಟಿಕ್ ಕೊಪ್ಪೆ ಬಂದ ಮೇಲೆ, “ಇದರೊಳಗೆ ಬೇಯ್ತದೆ ಕಣೋ” ಎಂದು ನಮ್ಮ ಅಜ್ಜಿ ಹೇಳಿದ್ದು ಇನ್ನೂ ಕಿವಿಯಲ್ಲಿದೆ. ಗೊರಬು ಒಂದು ಕಡೆ ತೆರೆದುಕೊಂಡು ಸಾಧಿಸಿದ ಸುಖವನ್ನು ಈ ಪೊರೆ ಎಲ್ಲ ಕಡೆ ಮುಚ್ಚಿಕೊಂಡು ಸಾಧಿಸುತ್ತದೆ.

ಪೊರೆ ಒಂಟಿಯಾಗಿ ಬಾಳುವಂಥದ್ದಲ್ಲ, ಬಲು ನಾಜೂಕು. ಹೊರಗೆ ಒತ್ತಾದ ನೈಲಾನಿನ ನೇಯ್ಗೆ, ಒಳಗೆ ತೆಳ್ಳನೆಯ ಹೆಣಿಗೆಯ ಅಸ್ತರಿ, ನಡುವೆ ಪೊರೆ: ಮೂರೂ ಅಂಟಿ ಒಂದೇ ಬಟ್ಟೆಯಾಗಿರುತ್ತವೆ. ಗೆಳೆಯನ ಕೈಯನ್ನು ನಾನು ಮೊದಲು ಎದೆಭಾಗದ ಮೇಲೆ ಇಟ್ಟೆ. ಅಲ್ಲಿ ಬಟ್ಟೆ ಹಗುರ, ಮಡಿಚಿದರೆ ಹೊಸ ಲುಂಗಿಯ ಹಾಗೆ ಮೆತ್ತಗೆ ಮಡಿಕೆ ಬೀಳುತ್ತದೆ. ಆಮೇಲೆ ಮೊಣಕಾಲಿಗೆ ತಂದೆ. ಇಲ್ಲಿ ಪದರ ಹೆಚ್ಚು, ಹದವಾದ ಚರ್ಮದ ಬಿಗುವು, ಮುಳ್ಳು ತಾಗಿದರೆ ಜಾರಿ ಹೋಗುವಂಥ ಮೈ. ಈ ವ್ಯತ್ಯಾಸದಲ್ಲೇ ದರ್ಜಿಯ ಜಾಣ್ಮೆ ಕಾಣುತ್ತದೆ. ನೀರಿನೊಳಗೆ ಮುಳುಗಿದ ಭಾಗ ಅಷ್ಟಾಗಿ ಉಸಿರಾಡಲಾರದು. ಕಾಲಿನ ಬೆವರು ಆವಿಯಾಗಿ ಮೇಲೇರಿ ಸೊಂಟ, ಎದೆಗಳಿಂದ ಹೊರಬೀಳಬೇಕು. ಹಾಗಾಗಿ ಕೆಳಗೆ ಗಟ್ಟಿ, ಮೇಲೆ ಹಗುರ ಇರಬೇಕು. ಮೈಯೆಲ್ಲ ಒಂದೇ ದಪ್ಪದ ಬಟ್ಟೆ ಹೊಲಿದಿದ್ದರೆ ಅದು ಎಷ್ಟೇ ಗಟ್ಟಿಯಿರಲಿ, ನಾನು ಮುಂದಿನ ಸಾಲಿಗೆ ಹೋಗುತ್ತೇನೆ.

ಬಟ್ಟೆಯನ್ನು ಕಿವಿಯಿಂದಲೂ ಪರೀಕ್ಷಿಸಬೇಕು. ಎರಡು ತೊಡೆಗಳನ್ನು ಉಜ್ಜಿಸಿ ನಾಲ್ಕು ಹೆಜ್ಜೆ ನಡೆಯಿರಿ. ಅಗ್ಗದ ಬಟ್ಟೆ ಅಡಿಕೆ ಹಾಳೆಯಂತೆ ಗರಗರ ಎನ್ನುತ್ತದೆ. ಒಳ್ಳೆಯದು ಪಿಸುಗುಡುತ್ತದೆ. ಗಾಳಿಯೇ ಇಲ್ಲದ ಕಾಡಿನ ಬೆಳಗಿನಲ್ಲಿ ಆ ಪಿಸುಮಾತು ಎಷ್ಟು ಸೊಗಸು ಎಂಬುದು ಅಲ್ಲಿ ನಿಂತವರಿಗೆ ತಿಳಿಯುತ್ತದೆ.

ಈಗ ಹೊಲಿಗೆ. ನಾನು ಅತಿ ಹೆಚ್ಚು ಹೊತ್ತು ನಿಲ್ಲುವುದು ಇಲ್ಲೇ. ವೇಡರ್ಸನ್ನು ಒಳಮಗ್ಗುಲು ಹೊರಗೆ ಮಾಡಿ ಬೆಳಕಿಗೆ ಹಿಡಿಯಿರಿ. ಸೂಜಿ ಹೋದ ಕಡೆಯೆಲ್ಲ ತೂತು. ಆ ತೂತುಗಳ ಸಾಲಿನ ಮೇಲೆ ಕಾಯಿಸಿ ಒತ್ತಿದ ಟೇಪು ಓಡಿರುತ್ತದೆ. ಅದರ ಅಂಚು ನೇರವಾಗಿದೆಯೇ, ತಿರುವಿನಲ್ಲಿ ಸುಕ್ಕು ಬಿದ್ದಿದೆಯೇ, ಮೂರು ಹೊಲಿಗೆ ಕೂಡುವ ಕಡೆ ಒಂದರ ಮೇಲೊಂದು ಸರಿಯಾಗಿ ಕೂತಿದೆಯೇ, ಉಗುರಿನಿಂದ ಕೆದಕಿದರೆ ತುದಿ ಏಳುತ್ತದೆಯೇ? ಅಂದು ನನ್ನ ಕೈಯಲ್ಲಿದ್ದ ವೇಡರ್ಸಿನ ಟೇಪು ಕಾಲಿನ ಉದ್ದಕ್ಕೂ ತಗ್ಗು ಉಬ್ಬಿಲ್ಲದೆ ಹರಿದು, ಬೂಟಿನ ಹತ್ತಿರ ಮೆಲ್ಲಗೆ ಹೊರಳಿ, ಎಲ್ಲಿ ಮುಗಿಯಿತೆಂದು ಬೆರಳಿಗೆ ಗೊತ್ತಾಗದ ಹಾಗೆ ಮುಗಿದಿತ್ತು. ಯಾರೋ ಒಬ್ಬರು ಉಸಿರು ಹಿಡಿದು ಇದನ್ನು ಒತ್ತಿದ್ದಾರೆ. ಅದಕ್ಕಿಂತ ದೊಡ್ಡ ಸಂಗತಿ, ಹೊಲಿಗೆ ಇದ್ದ ಜಾಗ. ಎರಡು ಕಾಲು ಉಜ್ಜುವ ಒಳಬದಿಯಲ್ಲಿ ಹೊಲಿಗೆಯೇ ಇರಲಿಲ್ಲ. ಕಾಲಿನ ಮುಂದಕ್ಕೂ ಹಿಂದಕ್ಕೂ ಸರಿಸಿದ್ದರು. ನನ್ನ ಹಳೆಯ ನಿಯೊಪ್ರೀನ್ ಸೋತ ಜಾಗ ಅದು. ಗೆಳೆಯನಿಗೆ ತೋರಿಸಿದೆ. ಅವನು ಒಳತೊಡೆಯ ಮೇಲೆ ಅಂಗೈ ಎಳೆದು, “ನುಣ್ಣಗಿದೆ,” ಎಂದಷ್ಟೇ ಹೇಳಿದ. ಬೆಲೆಯ ಮಾತು ಮತ್ತೆ ಎತ್ತಲಿಲ್ಲ.

ಬೂಟಿನ ಮೇಲೆ 600, 1000, 1600 ಗ್ರಾಮ್ ಎಂದು ಬರೆದಿರುತ್ತದೆ. ಅದು ಬೂಟಿನ ತೂಕವೆಂದು ಹಲವರು ತಿಳಿಯುತ್ತಾರೆ. ಒಳಗೆ ತುಂಬಿದ ಬೆಚ್ಚನೆಯ ಪದರ ಒಂದು ಚದರ ಮೀಟರಿಗೆ ಎಷ್ಟು ತೂಗುತ್ತದೆಂಬ ಲೆಕ್ಕ ಅದು. ಉತ್ತರದ ಹಿಮಗಟ್ಟಿದ ನಾಡುಗಳಿಗೆ 1600 ಬೇಕು. ಅರ್ಕಾನ್ಸಾಸಿನ ಕಾಡಿನಲ್ಲಿ ನಡೆಯುವವನಿಗೆ 1000 ಸಾಕು ಎಂಬುದು ನನ್ನ ಅಭಿಪ್ರಾಯ. ಗ್ರಾಮಿಗಿಂತ ಮುಖ್ಯವಾದದ್ದು ಕಣಕಾಲಿನ ಹಿಡಿತ. ಉಣ್ಣೆಯ ಕಾಲುಚೀಲ ಹಾಕಿಕೊಂಡು ಬೂಟಿಗಿಳಿದರೆ ಹಿಮ್ಮಡಿ ಏಳಬಾರದು, ಬೆರಳುಗಳು ಮಾತ್ರ ಆರಾಮಾಗಿ ಆಡಬೇಕು. ಬಿಗಿಯಾದ ಬೂಟಿನಲ್ಲಿ ರಕ್ತ ಓಡದೆ ಕಾಲು ತಣ್ಣಗಾಗುತ್ತದೆ; ಸಡಿಲವಾದದ್ದನ್ನು ಬಯೂ ಮೀಟೊದ ಕೆಸರು ಕಾಲಿನಿಂದ ಕಳಚಿಯೇ ಬಿಡುತ್ತದೆ.

ಮುಂಭಾಗದ ನೀರು ನುಗ್ಗದ ಜಿಪ್ಪು ದುಬಾರಿ, ಆದರೂ ತೆಗೆದುಕೊಳ್ಳಿ. ನಡೆಯುವಾಗ ಎದೆ ತೆರೆದಿಟ್ಟು, ನಿಂತಾಗ ಮುಚ್ಚಬಹುದು. ಸೊಂಟಪಟ್ಟಿಯನ್ನಂತೂ ಬಿಗಿಯದೆ ನೀರಿಗೆ ಇಳಿಯಲೇಬೇಡಿ. ಮುಗ್ಗರಿಸಿ ಬಿದ್ದರೆ ಒಳಗೆ ನುಗ್ಗುವ ನೀರನ್ನು ತಡೆಯುವುದು ಅದೇ.

ಅಳತೆಯನ್ನು ಕನ್ನಡಿಯ ಮುಂದೆ ನಿಂತು ನೋಡಿದರೆ ಏನೂ ತಿಳಿಯದು. ಗೆಳೆಯನನ್ನು ಅಂಗಡಿಯಲ್ಲೇ ಕುಕ್ಕರಗಾಲಿನಲ್ಲಿ ಕೂರಿಸಿದೆ, ಕುರ್ಚಿಯ ಮೇಲೆ ಕಾಲಿಡಿಸಿದೆ, ಕೋವಿ ಎತ್ತುವ ಹಾಗೆ ಎರಡೂ ಕೈ ಎತ್ತಿಸಿದೆ. ಎಲ್ಲೂ ಎಳೆಯಬಾರದು. ಒಳಗೆ ಎರಡು ಪದರ ಉಣ್ಣೆಗೆ ಜಾಗ ಇರಬೇಕು, ಏಕೆಂದರೆ ಈ ಬಟ್ಟೆಗೆ ಸ್ವಂತ ಶಾಖವಿಲ್ಲ. ಅದರ ದೊಡ್ಡತನ ಇರುವುದೂ ಅಲ್ಲೇ: ಜನವರಿಯ ಚಳಿಗೆ ಎರಡು ಪದರ ಉಣ್ಣೆ, ನವೆಂಬರಿನ ಎಳೆಚಳಿಗೆ ಒಂದು. ಒಂದೇ ಉಡುಪು ಋತುವಿಡೀ ಜೊತೆ ಬರುತ್ತದೆ. ಹತ್ತಿ ಮಾತ್ರ ಬೇಡ. ಬೆವರು ಕುಡಿದು ಹಿಡಿದಿಟ್ಟುಕೊಳ್ಳುತ್ತದೆ.

ಮನೆಗೆ ತಂದ ಮೇಲಿನ ಉಪಚಾರವೂ ನನಗೆ ಸುಖವೇ. ಹೊಸ ಬಟ್ಟೆಯ ಮೇಲೆ ನೀರು ಕೆಸುವಿನ ಎಲೆಯ ಮೇಲಿನ ಹಾಗೆ ಮುತ್ತಾಗಿ ಉರುಳುತ್ತದೆ. ಕೆಸರು, ಎಣ್ಣೆ ಹತ್ತಿ ಆ ಗುಣ ಕುಂದಿದರೆ ಹೊರಮೈ ನೀರು ಕುಡಿದು, ಪೊರೆ ಗಟ್ಟಿಯಿದ್ದರೂ ಉಸಿರು ಕಟ್ಟುತ್ತದೆ. ಹದವಾಗಿ ತೊಳೆದು, ಜಲನಿವಾರಕ ಲೇಪ ಸವೆದಿದ್ದರೆ ಮತ್ತೆ ಸವರಿದರೆ ಮುತ್ತುಗಳು ಮರಳುತ್ತವೆ. ಮುಳ್ಳು ಚುಚ್ಚಿದ ಸೂಜಿಮೊನೆಯ ತೂತನ್ನು ಹುಡುಕುವ ಉಪಾಯವಂತೂ ಕೌತುಕದ್ದು. ಒಳಗನ್ನು ಹೊರಗೆ ತಿರುವಿ ಐಸೊಪ್ರೊಪೈಲ್ ಆಲ್ಕೊಹಾಲ್ ಸಿಂಪಡಿಸಿದರೆ, ಪೊರೆ ಹರಿದ ಜಾಗದಲ್ಲಿ ಮಾತ್ರ ಒಂದು ಕಪ್ಪು ಚುಕ್ಕೆ ಮೂಡುತ್ತದೆ. ಅದರ ಮೇಲೆ ಒಂದು ತೊಟ್ಟು ಅಂಟು ಹಚ್ಚಿ ರಾತ್ರಿ ಬಿಟ್ಟರಾಯಿತು. ನನ್ನ ವೇಡರ್ಸಿನ ಎಡ ಮೊಣಕಾಲಿನಲ್ಲಿ ಅಂಥ ಮೂರು ಅಂಟಿನ ಚುಕ್ಕೆಗಳಿವೆ. ಪ್ರತಿಯೊಂದೂ ಯಾವ ಬೆಳಗಿನದೆಂದು ಹೇಳಬಲ್ಲೆ.

ನವೆಂಬರಿನ ಕೊನೆಯಲ್ಲಿ ಋತು ತೆರೆದಾಗ ಇಬ್ಬರೂ ಹೋದೆವು. ಮುಕ್ಕಾಲು ಗಂಟೆಯ ನಡಿಗೆ ಮುಗಿದು ನಾನು ಒಂದು ಓಕಿಗೆ, ಅವನು ಪಕ್ಕದ ಓಕಿಗೆ ಒರಗಿದೆವು. ದೀಪ ಆರಿಸಿದೆವು. ಬೆನ್ನಿನ ಬೆವರು ಆರತೊಡಗಿತು. ಹತ್ತೇ ನಿಮಿಷದಲ್ಲಿ ಒಳಗಿನ ಉಣ್ಣೆ ಹಗುರಾಯಿತು. ಆಮೇಲೆ ಬಂತು ನಾನು ವರ್ಷವಿಡೀ ಕಾಯುವ ಗಳಿಗೆ. ನೀರು ತೆಳ್ಳನೆಯ ಬಟ್ಟೆಯನ್ನು ಮೆಲ್ಲಗೆ ಒತ್ತಿ ಕಾಲಿಗೆ ತಬ್ಬಿಸಿತು. ಮೀನಖಂಡದ ಸುತ್ತ, ಮಂಡಿಯ ಸುತ್ತ, ತೊಡೆಯ ಸುತ್ತ ಅದರ ತೂಕ ಏರುತ್ತಾ ಬಂತು. ತಂಪು ತಿಳಿಯುತ್ತದೆ. ಹರಿವು ಎಡಗಡೆಯಿಂದ ಬರುತ್ತಿದೆಯೆಂದು ತಿಳಿಯುತ್ತದೆ. ತೇಲಿ ಬಂದ ಒಂದು ಓಕಿನ ಎಲೆ ತೊಡೆಗೆ ತಾಗಿ, ಅರೆಕ್ಷಣ ನಿಂತು, ಸುತ್ತಿಕೊಂಡು ಮುಂದೆ ಹೋದದ್ದೂ ತಿಳಿಯುತ್ತದೆ. ಒದ್ದೆ ಮಾತ್ರ ಇಲ್ಲ. ದಪ್ಪ ನಿಯೊಪ್ರೀನಿನೊಳಗೆ ಈ ನೀರೆಲ್ಲ ನನಗೆ ಬರೀ ಒಂದು ಗೋಡೆಯಾಗಿತ್ತು.

ಕತ್ತಲಲ್ಲಿ ಗೆಳೆಯನ ದನಿ ಬಂತು, “ಏ, ನೀರು ಕಾಲನ್ನ ಹಿಡ್ಕಂಡ ಹಾಗೆ ಆಗ್ತದಲ್ಲೋ.”

“ಹೂಂ,” ಅಂದೆ.

ಮೇಲೆ ಕೊಂಬೆಗಳ ಕಿಂಡಿಯಲ್ಲಿ ಆಕಾಶ ಬೂದುಬಣ್ಣಕ್ಕೆ ತಿರುಗುತ್ತಿತ್ತು. ಎಲ್ಲೋ ದೂರದಲ್ಲಿ ರೆಕ್ಕೆಗಳ ಸಿಳ್ಳು. ನಾನು ಬಲಗಾಲನ್ನು ಮೆಲ್ಲಗೆ ಆಡಿಸಿ ಮೊದಲ ಅಲೆ ಎಬ್ಬಿಸಿದೆ. ಅದು ಅವನ ಮರದವರೆಗೆ ಹೋಗಿ, ಅವನ ತೊಡೆಗೆ ತಾಗಿ, ಚೂರು ಸಣ್ಣದಾಗಿ ನನ್ನ ಕಾಲಿಗೆ ವಾಪಸು ಬಂತು.