ಪರಿಯಾ, ಪರೆ, ಹರೆ

ಇಂಗ್ಲಿಷಿನ ‘ಪರಿಯಾ’ ಪದಕ್ಕೆ ನಮ್ಮ ವಿಮರ್ಶಕರು ‘ಬಹಿಷ್ಕೃತ’ ಅಂತ ಬರೆದು ಕೈ ತೊಳಕೊಳ್ತಾರೆ. ಅದರ ಬೇರು ತಮಿಳಿನ ಪರೈಯರ್. ಪರೈ ಅಂದರೆ ಚರ್ಮವಾದ್ಯ. ನಮ್ಮ ಹಳಗನ್ನಡದ ಪರೆ, ಆಮೇಲಿನ ಹರೆ ಅದರ ಒಡಹುಟ್ಟು. ಬಾರಿಸುವ ಕೈಯನ್ನು ಇಂಗ್ಲಿಷು ಬಿಸಾಕಿದ ವಸ್ತು ಮಾಡಿತು. (ಬಾರಿಸೋದೂ ಬಿಟ್ಟಿಚಾಕರಿಯೇ, ಕಲೆ ಅಂತ ಹೊಗಳೋದು ಬೇಡ.)

ಅಂಬೇಡ್ಕರ್ 1948ರ ‘ದಿ ಅನ್‌ಟಚಬಲ್ಸ್’ನಲ್ಲಿ ಪರೈಯರ ಜೊತೆಗೇ ಹಾಸನ ಸೀಮೆಯ ಹೊಲೆಯರ ಬಗ್ಗೆ ಕ್ಯಾಪ್ಟನ್ ಮೆಕೆಂಜಿ ಬರೆದದ್ದನ್ನೂ ಎತ್ತಿಕೊಳ್ಳುತ್ತಾರೆ: ಹೊಲಗೇರಿಗೆ ಬ್ರಾಹ್ಮಣ ಕಾಲಿಟ್ಟರೆ ಕೇರಿಯೇ ಎದ್ದು ಬಂದು ಕೆರದಲ್ಲಿ ಹೊಡೆಯುತ್ತಿತ್ತು. ಹಾಗಾದರೆ ಬಹಿಷ್ಕೃತ ಯಾರು? ‘ಕೃತ’ ಅನ್ನುವ ಕರ್ಮಣಿಯೊಳಗೆ ಈ ಸಿಟ್ಟು ಹಿಡಿಯುವುದಿಲ್ಲ ಅನ್ನೋದೇ ನನ್ನ ತಕರಾರು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಹುಡುಗರ ಪದ್ಯಗಳಿಗೂ ನಾವು ‘ನೋವು’ ಅಂತಲೇ ಷರಾ ಬರೀತೀವಿ, ಕೆರ ಎತ್ತಿದ ಸಾಲನ್ನು ದಾಟಿಬಿಡ್ತೀವಿ.